ಆಫ್ರಿಕದ ಗೋದಿ, ರೋಮಿನ ರೊಟ್ಟಿ

ರೋಮ್ ನಗರದ ಪೂರ್ವದಿಕ್ಕಿಗೆ ಪೋರ್ತಾ ಮಜೋರೆ ಎಂಬ ಹೆಬ್ಬಾಗಿಲಿದೆ. ಅದರ ಪಕ್ಕದಲ್ಲೇ ಒಂದು ವಿಚಿತ್ರವಾದ ಗೋರಿ. ಗೋಡೆಯ ತುಂಬ ಸಾಲುಸಾಲಾಗಿ ದುಂಡನೆಯ ತೂತುಗಳು. ಮೇಲಂಚಿನ ಕೆತ್ತನೆಯಲ್ಲಿ ಗೋದಿ ಅಳೆದುಕೊಳ್ಳುವವರು, ಕತ್ತೆ ಕಟ್ಟಿ ಬೀಸುವವರು, ಹಿಟ್ಟು ಜರಡಿ ಹಿಡಿಯುವವರು, ಮೇಜಿನ ಸುತ್ತ ನಿಂತು ಕಣಕದ ಉಂಡೆ ಕಟ್ಟುವವರು, ಒಲೆಗೆ ಒಡ್ಡುವವರು, ಕೊನೆಗೆ ದೊಡ್ಡ ತಕ್ಕಡಿಯಲ್ಲಿ ರೊಟ್ಟಿ ತೂಗುವವರು. ಮಾರ್ಕಸ್ ವರ್ಜಿಲಿಯಸ್ ಯೂರಿಸೇಸಿಸ್ ಎಂಬ ರೊಟ್ಟಿ ವ್ಯಾಪಾರಿಯ ಗೋರಿ ಇದು, ಕಟ್ಟಿದ್ದು ಕ್ರಿ.ಪೂ. ಮೊದಲ ಶತಮಾನದ ಕೊನೆಯ ದಶಕಗಳಲ್ಲಿ. ಹೆಸರಿನ ಕೊನೆಯ ಭಾಗ ಗ್ರೀಕರದು, ಆದ್ದರಿಂದ ಬಹುಶಃ ಗುಲಾಮನಾಗಿದ್ದು ಬಿಡುಗಡೆ ಪಡೆದವನು. ಸರ್ಕಾರಕ್ಕೆ ರೊಟ್ಟಿ ಪೂರೈಸುವ ಗುತ್ತಿಗೆ ಹಿಡಿದು ಸಿರಿವಂತನಾದವನೆಂದು ಶಾಸನದಿಂದ ತಿಳಿಯುತ್ತದೆ.

ಗೋರಿಯ ನೆತ್ತಿಗೆ ತಾಗುವಷ್ಟು ಹತ್ತಿರದಲ್ಲಿ ಕ್ಲಾಡಿಯಸ್ ಚಕ್ರವರ್ತಿಯ ಕಮಾನುಗಳು ನಿಂತಿವೆ. ಕ್ರಿ.ಶ. 52ರಲ್ಲಿ ಮುಗಿದ ಎರಡು ಮೇಲ್ಗಾಲುವೆಗಳು ಇಲ್ಲಿ ಒಂದರ ಮೇಲೊಂದು ಹರಿದು ಊರೊಳಗೆ ಬರುತ್ತಿದ್ದವು. 271ರಲ್ಲಿ ಔರೇಲಿಯನ್ ಚಕ್ರವರ್ತಿ ಊರ ಸುತ್ತ ಕೋಟೆ ಕಟ್ಟಿಸಲು ಹೊರಟಾಗ ಈ ಕಮಾನುಗಳೇ ಕೋಟೆಯ ಬಾಗಿಲಾದವು. ಐದನೇ ಶತಮಾನದ ಮೊದಲಿಗೆ, ಗೋಥ್ ಬುಡಕಟ್ಟಿನವರ ಭಯ ಹತ್ತಿರವಾಗುತ್ತಿದ್ದ ದಿನಗಳಲ್ಲಿ, ಹೊನೋರಿಯಸ್ ಚಕ್ರವರ್ತಿ ಅಲ್ಲಿ ಬುರುಜು ಎಬ್ಬಿಸಿದ. ರೊಟ್ಟಿಯವನ ಗೋರಿ ಆ ಬುರುಜಿನ ಹೊಟ್ಟೆಯೊಳಗೆ ಹೂತುಹೋಯಿತು. 1838ರಲ್ಲಿ ಪೋಪ್ ಬುರುಜನ್ನು ಕೆಡವಿಸಿದ ಮೇಲೆಯೇ ಅದು ಮತ್ತೆ ಬಿಸಿಲು ಕಂಡದ್ದು.

ರೋಮಿನ ಕಥೆಯನ್ನು ನಾವು ಸೀಸರನ ಕೊಲೆ, ನೀರೋ ಕಾಲದ ಬೆಂಕಿ, ಮಲ್ಲರ ಕಾಳಗಗಳ ಮೂಲಕ ಕೇಳಿ ಬೆಳೆದಿದ್ದೇವೆ. ಅವೆಲ್ಲ ನಡೆದದ್ದೇ. ಆದರೆ ಆ ನಾಗರಿಕತೆ ಏಕೆ ಅಷ್ಟು ಎತ್ತರಕ್ಕೆ ಬೆಳೆಯಿತು, ಏಕೆ ಕುಸಿಯಿತು ಎಂಬುದಕ್ಕೆ ಈ ಬಾಗಿಲಲ್ಲಿ ಸೇರಿರುವ ಎರಡು ಸಂಗತಿಗಳು, ಅಂದರೆ ರೊಟ್ಟಿ ಮತ್ತು ನೀರು, ಹೆಚ್ಚು ನೇರವಾದ ಉತ್ತರ ಕೊಡುತ್ತವೆ ಎಂದು ನನ್ನ ನಂಬಿಕೆ. ಏಳಿಗೆಯ ಕಾಲದಲ್ಲಿ ರೋಮಿನ ಜನಸಂಖ್ಯೆ ಸುಮಾರು 10 ಲಕ್ಷವಿತ್ತೆಂದು ಅಂದಾಜು. ಯೂರೋಪಿನ ಮತ್ತೊಂದು ನಗರ ಆ ಸಂಖ್ಯೆ ಮುಟ್ಟಲು 19ನೇ ಶತಮಾನದ ಲಂಡನ್ನಿನವರೆಗೆ ಕಾಯಬೇಕಾಯಿತು. ಅಷ್ಟು ಜನರ ಹೊಟ್ಟೆಗೆ ವರ್ಷಕ್ಕೆ ಕಡಿಮೆಯೆಂದರೂ 2 ಲಕ್ಷ ಟನ್ ಗೋದಿ ಬೇಕು. ಸುತ್ತಲಿನ ಹೊಲಗಳಲ್ಲಿ ಅಷ್ಟು ಬೆಳೆಯುತ್ತಿರಲಿಲ್ಲ.

ಮೊದಲಿಗೆ ರೋಮ್ ಎಂದರೆ ಟೈಬರ್ ನದಿ ದಾಟುವ ಕಡವಿನ ಪಕ್ಕದ ಗುಡ್ಡಗಳ ಮೇಲಿನ ಹಳ್ಳಿಗಳ ಗುಂಪು. ರೋಮನ್ನರು ತಮ್ಮ ಊರು ಹುಟ್ಟಿದ್ದು ಕ್ರಿ.ಪೂ. 753ರಲ್ಲಿ, ರಾಜರನ್ನು ಓಡಿಸಿ ಗಣರಾಜ್ಯ ಕಟ್ಟಿದ್ದು 509ರಲ್ಲಿ ಎಂದು ಲೆಕ್ಕ ಇಟ್ಟುಕೊಂಡಿದ್ದರು. ಆಗಿನ ಪೌರ ಎಂದರೆ ಸ್ವಂತ ತುಂಡು ಹೊಲ ಇರುವ ರೈತ. ಬಿತ್ತನೆ, ಕೊಯ್ಲಿನ ನಡುವೆ ಈಟಿ ಹಿಡಿದು ಯುದ್ಧಕ್ಕೆ ಹೋಗಿಬರುವವನು. ಈ ಸಣ್ಣ ರಾಜ್ಯ ಇಟಲಿಯನ್ನೆಲ್ಲ ಗೆದ್ದದ್ದು ಬರೀ ಕತ್ತಿಯಿಂದಲ್ಲ. ಸೋತವರನ್ನು ಅದು ಬೇರೆಬೇರೆ ಮಟ್ಟದಲ್ಲಿ ತನ್ನೊಳಗೆ ಸೇರಿಸಿಕೊಂಡಿತು: ಕೆಲವರಿಗೆ ಪೂರ್ಣ ಪೌರತ್ವ, ಕೆಲವರಿಗೆ ಅರ್ಧ, ಉಳಿದವರಿಗೆ ಮೈತ್ರಿ. ಬದಲಿಗೆ ಕೇಳಿದ್ದು ಸೈನಿಕರನ್ನು. ಕ್ರಿ.ಪೂ. 216ರಲ್ಲಿ ಕ್ಯಾನೇ ಬಯಲಿನಲ್ಲಿ ಉತ್ತರ ಆಫ್ರಿಕದ ಕಾರ್ತೇಜ್ ನಗರದ ಸೇನಾಪತಿ ಹ್ಯಾನಿಬಲ್ ಒಂದೇ ದಿನ ಸುಮಾರು 50,000 ಮಂದಿಯನ್ನು ಕೊಂದರೂ ರೋಮ್ ಮತ್ತೆ ಎದ್ದು ನಿಂತದ್ದು ಈ ಕಾರಣಕ್ಕೆ. ಬಹುಪಾಲು ಮಿತ್ರರು ಅದರ ಕೈಬಿಡಲಿಲ್ಲ.

ಅದಕ್ಕೂ ಮೊದಲೇ, 241ರಲ್ಲಿ, ಕಾರ್ತೇಜಿನೊಡನೆ ನಡೆದ ಮೊದಲ ಯುದ್ಧ ಮುಗಿದಾಗ ಸಿಸಿಲಿ ದ್ವೀಪ ರೋಮಿನ ಕೈಗೆ ಬಂದಿತ್ತು. ಕಡಲಾಚೆಯ ಮೊದಲ ಪ್ರಾಂತ್ಯ ಅದು. ಬೆಳೆದದ್ದರಲ್ಲಿ ಹತ್ತನೇ ಒಂದು ಪಾಲು ಗೋದಿ ಕಂದಾಯವಾಗಿ ಹಡಗೇರತೊಡಗಿತು. ದೂರದ ರೈತನ ಬೆವರಿನಿಂದ ಊರು ಉಣ್ಣುವ ಪದ್ಧತಿ ಇಲ್ಲಿ ಶುರುವಾಯಿತು.

ಇನ್ನೊಂದೆಡೆ, ಗೆಲುವುಗಳೇ ಇಟಲಿಯ ಸಣ್ಣ ರೈತನನ್ನು ಮುರಿದವು. ವರ್ಷಗಟ್ಟಲೆ ಸ್ಪೇನಿನಲ್ಲೋ ಗ್ರೀಸಿನಲ್ಲೋ ಕಾದಾಡಿ ಬಂದವನಿಗೆ ಹೊಲ ಬೀಳುಬಿದ್ದಿರುತ್ತಿತ್ತು, ಇಲ್ಲವೇ ಸಾಲಕ್ಕೆ ಹೋಗಿರುತ್ತಿತ್ತು. ಅದನ್ನು ಕೊಂಡ ಶ್ರೀಮಂತ, ಅದೇ ಯುದ್ಧಗಳಲ್ಲಿ ಸೆರೆಸಿಕ್ಕ ಗುಲಾಮರನ್ನು ಉಳಲು ಹಚ್ಚುತ್ತಿದ್ದ. ನೆಲ ಕಳೆದುಕೊಂಡವನು ರೋಮಿನ ದಾರಿ ಹಿಡಿದ. ಜನರ ಪ್ರತಿನಿಧಿಯಾಗಿದ್ದ ಟೈಬೀರಿಯಸ್ ಗ್ರಾಕಸ್ ಸಾರ್ವಜನಿಕ ಭೂಮಿಯನ್ನು ಇಂಥವರಿಗೆ ಹಂಚಲು ಹೊರಟ. ಕ್ರಿ.ಪೂ. 133ರಲ್ಲಿ ಸೆನೆಟರುಗಳ ಗುಂಪು ಅವನನ್ನು ಬಡಿದು ಕೊಂದಿತು. ತಮ್ಮ ಗಾಯಸ್ ಗ್ರಾಕಸ್ 123ರಲ್ಲಿ ಇನ್ನೊಂದು ದಾರಿ ತೆರೆದ. ಪ್ರತಿ ತಿಂಗಳೂ ಪೌರರಿಗೆ ಗೊತ್ತುಪಡಿಸಿದ ಅಗ್ಗದ ದರದಲ್ಲಿ ಸರ್ಕಾರವೇ ಗೋದಿ ಕೊಡಬೇಕು ಎಂಬ ಕಾನೂನು ಅದು. ಎರಡು ವರ್ಷದಲ್ಲಿ ಅವನೂ ಬಲಿಯಾದ. ಕಾನೂನಿನ ರೂಪ ಬದಲಾಗುತ್ತ ಹೋಯಿತು, ನಡುವೆ ನಿಂತದ್ದೂ ಉಂಟು, ಆದರೆ ಪಡಿತರ ಮತ್ತೆ ಮತ್ತೆ ಹಿಂದಿರುಗಿತು. ಕ್ರಿ.ಪೂ. 58ರಲ್ಲಿ ಕ್ಲೋಡಿಯಸ್ ಎಂಬ ಜನನಾಯಕ ಅದನ್ನು ಪುಕ್ಕಟೆ ಮಾಡಿದ. ಜೂಲಿಯಸ್ ಸೀಸರ್ ಪಟ್ಟಿ ತರಿಸಿ ನೋಡಿದಾಗ 3,20,000 ಹೆಸರುಗಳಿದ್ದವು. ಅವನು 1,50,000ಕ್ಕೆ ಇಳಿಸಿದ. ಮೊದಲ ಚಕ್ರವರ್ತಿ ಅಗಸ್ಟಸನ ಕಾಲಕ್ಕೆ ಸುಮಾರು 2,00,000ಕ್ಕೆ ನಿಂತಿತು.

ಈ ಪಡಿತರದ ಬಗ್ಗೆ ಕೊಂಕು ಮಾತು ಆ ಕಾಲದಿಂದಲೂ ಇದೆ. ತಿನ್ನಲು ರೊಟ್ಟಿ, ನೋಡಲು ರಥದ ಓಟ ಕೊಟ್ಟರೆ ಸಾಕು, ಜನ ಸ್ವಾತಂತ್ರ್ಯ ಮರೆಯುತ್ತಾರೆ ಎಂದು ಕವಿ ಜುವೆನಲ್ ಹಂಗಿಸಿದ. ಇಂದಿಗೂ ಬಡವರಿಗೆ ಧಾನ್ಯ ಕೊಡುವ ಮಾತು ಬಂದಾಗಲೆಲ್ಲ ಆ ಹಂಗಿನ ಮಾತನ್ನು ಎತ್ತುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಬ್ಬ ಪೌರನಿಗೆ ಸಿಗುತ್ತಿದ್ದದ್ದು ತಿಂಗಳಿಗೆ 5 ಮೋದಿ, ಅಂದರೆ ಸುಮಾರು 33 ಕಿಲೋ ಗೋದಿ. ಗಂಡಸೊಬ್ಬನ ಹೊಟ್ಟೆ ತುಂಬಿ ಸ್ವಲ್ಪ ಮಿಗಬಹುದು. ಹೆಂಡತಿ ಮಕ್ಕಳಿಗೆ ಸಾಲದು. ಬಾಡಿಗೆ, ಎಣ್ಣೆ, ಸೌದೆ, ಬಟ್ಟೆಗೆ ದುಡಿಯಲೇಬೇಕಿತ್ತು. ಐದಾರು ಅಂತಸ್ತಿನ ಬಾಡಿಗೆ ಮನೆಗಳ ಮೇಲ್ಮಹಡಿಯಲ್ಲಿ, ಬೆಂಕಿಗೂ ಕುಸಿತಕ್ಕೂ ಹೆದರುತ್ತ ಬದುಕಿದ ಆ ಜನ ಸೋಮಾರಿಗಳಲ್ಲ. ಕೊಲೋಸಿಯಮ್ಮಿನ ಕಲ್ಲು ಹೊತ್ತವರು, ಹಡಗಿನ ಮೂಟೆ ಇಳಿಸಿದವರು ಅವರ ನಡುವಿನವರೇ.

ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರಾ ಸತ್ತು ಈಜಿಪ್ಟ್ ಅಗಸ್ಟಸನ ವಶವಾಯಿತು. ಆ ಪ್ರಾಂತ್ಯದ ಮಹತ್ವ ಅವನಿಗೆ ಎಷ್ಟು ಗೊತ್ತಿತ್ತೆಂದರೆ, ತನ್ನ ಅಪ್ಪಣೆಯಿಲ್ಲದೆ ಯಾವ ಸೆನೆಟರನೂ ಅಲ್ಲಿ ಕಾಲಿಡಕೂಡದೆಂದು ಕಟ್ಟಪ್ಪಣೆ ಮಾಡಿದ. ಅಲೆಕ್ಸಾಂಡ್ರಿಯದ ಬಂದರು ಹಿಡಿದವನು ರೋಮಿನ ಗಂಟಲು ಹಿಡಿದಂತೆ. ಇನ್ನೊಂದು ಕಣಜ ಉತ್ತರ ಆಫ್ರಿಕ, ಅಂದರೆ ಇಂದಿನ ಟ್ಯುನೀಸಿಯ ಮತ್ತು ಅದರ ನೆರೆಯ ಸೀಮೆ. ಈಜಿಪ್ಟಿನ ಗೋದಿ ರೋಮಿಗೆ ವರ್ಷದಲ್ಲಿ ನಾಲ್ಕು ತಿಂಗಳು, ಆಫ್ರಿಕದ್ದು ಎಂಟು ತಿಂಗಳು ಬರುತ್ತಿತ್ತೆಂದು ಇತಿಹಾಸಕಾರ ಜೋಸಿಫಸ್ ಬರೆದಿದ್ದಾನೆ. ಅಲೆಕ್ಸಾಂಡ್ರಿಯದಿಂದ ಎದುರುಗಾಳಿಯಲ್ಲಿ ಬರಲು ಒಂದೆರಡು ತಿಂಗಳು ಹಿಡಿಯುತ್ತಿತ್ತು. ಕಾರ್ತೇಜಿನಿಂದ ಕೆಲವೇ ದಿನ. ಹಿಂದೆ ಕೇಟೋ ಎಂಬ ಮುದುಕ ಸೆನೆಟಿನಲ್ಲಿ ಕಾರ್ತೇಜಿನ ಅಂಜೂರವೊಂದನ್ನು ತೋರಿಸಿ, ಇದನ್ನು ಕಿತ್ತು ಮೂರೇ ದಿನವಾಯಿತು, ಶತ್ರು ಅಷ್ಟು ಹತ್ತಿರವಿದ್ದಾನೆ ಎಂದು ಹೆದರಿಸಿದ್ದ. ಕ್ರಿ.ಪೂ. 146ರಲ್ಲಿ ರೋಮ್ ಕಾರ್ತೇಜನ್ನು ಸುಟ್ಟುಹಾಕಿತು. ಅದೇ ನೆಲ ಮುಂದೆ ಅದರ ಅನ್ನದ ಬಟ್ಟಲಾಯಿತು.

ಚಳಿಗಾಲದಲ್ಲಿ ಕಡಲು ಮುಚ್ಚುತ್ತಿತ್ತು. ನವೆಂಬರಿನಿಂದ ಮಾರ್ಚ್‌ವರೆಗೆ ದೊಡ್ಡ ಹಡಗುಗಳು ಹೊರಡುತ್ತಿರಲಿಲ್ಲ. ಬೇಸಿಗೆಯ ಮೊದಲಲ್ಲಿ ಅಲೆಕ್ಸಾಂಡ್ರಿಯದ ಹಡಗುಗಳ ಸುದ್ದಿ ಹೊತ್ತ ದೋಣಿಗಳು ನೇಪಲ್ಸ್ ಹತ್ತಿರದ ಪುಟಿಯೋಲಿಯಲ್ಲಿ ಕಂಡರೆ ಊರಿಗೆ ಊರೇ ದಕ್ಕೆಯ ಮೇಲೆ ನೆರೆಯುತ್ತಿತ್ತೆಂದು ತತ್ವಜ್ಞಾನಿ ಸೆನೆಕಾ ತನ್ನ ಒಂದು ಪತ್ರದಲ್ಲಿ ವರ್ಣಿಸುತ್ತಾನೆ. ಬೈಬಲ್ಲಿನ ಪೌಲ ಸೆರೆಯಾಳಾಗಿ ರೋಮಿಗೆ ಬಂದದ್ದೂ ಇಂಥ ಹಡಗುಗಳಲ್ಲೇ. ಮಾಲ್ಟಾ ದಡದಲ್ಲಿ ಒಡೆದ ಅಲೆಕ್ಸಾಂಡ್ರಿಯದ ಗೋದಿ ಹಡಗಿನಲ್ಲಿ 276 ಜನರಿದ್ದರು.

ಕ್ರಿ.ಶ. 51ರಲ್ಲಿ ಕಣಜಗಳಲ್ಲಿ ಹದಿನೈದು ದಿನದ ಗೋದಿ ಮಾತ್ರ ಉಳಿದಿತ್ತು. ಫೋರಮ್ಮಿನಲ್ಲಿ ಜನ ಕ್ಲಾಡಿಯಸನನ್ನು ಮುತ್ತಿಕೊಂಡು, ಬೈದು, ರೊಟ್ಟಿಯ ಚೂರುಗಳನ್ನು ಎಸೆದರು; ಲೋಕದ ಒಡೆಯ ಎನಿಸಿಕೊಂಡವನು ಕಾವಲಿನವರ ನೆರವಿನಿಂದ ಪಾರಾದ. ಅವನು ಸೇಡಿಗೆ ಇಳಿಯಲಿಲ್ಲ ಎಂಬುದು ಗಮನಿಸಬೇಕಾದ್ದು. ಚಳಿಗಾಲದ ಬಿರುಗಾಳಿಗೆ ಸಿಕ್ಕಿ ಹಡಗು ಮುಳುಗಿದರೆ ನಷ್ಟ ತನ್ನದು ಎಂದು ವರ್ತಕರಿಗೆ ಮಾತು ಕೊಟ್ಟ. ಹಡಗು ಕಟ್ಟಿಸಿ ಆರು ವರ್ಷ ಗೋದಿ ಸಾಗಿಸಿದವರಿಗೆ ವಿಶೇಷ ಹಕ್ಕುಗಳನ್ನು ಕೊಟ್ಟ. ಟೈಬರ್ ಅಳಿವೆಯ ಬಳಿ 42ರಲ್ಲೇ ಅವನು ಶುರುಮಾಡಿದ್ದ ಪೋರ್ಟಸ್ ಬಂದರಿನ ದೀಪಸ್ತಂಭಕ್ಕೆ ತಳಪಾಯವಾಗಿ, ಈಜಿಪ್ಟಿನಿಂದ ಕಲ್ಲಿನ ಸ್ತಂಭ ಹೊತ್ತು ತಂದಿದ್ದ ಮಹಾ ಹಡಗನ್ನೇ ಮುಳುಗಿಸಿದರು. ಆದರೂ 62ರಲ್ಲಿ ಬಂದರಿನೊಳಗೇ 200 ಹಡಗುಗಳು ಬಿರುಗಾಳಿಗೆ ನಾಶವಾದವು. ಟ್ರೇಜನ್ ಚಕ್ರವರ್ತಿ ಎರಡನೇ ಶತಮಾನದ ಆರಂಭದಲ್ಲಿ ಒಳಗಡೆ ಆರು ಮೂಲೆಯ ಕೊಳವೊಂದನ್ನು ತೋಡಿಸಿದ ಮೇಲೆ ಹಡಗುಗಳಿಗೆ ನೆಮ್ಮದಿ ಸಿಕ್ಕಿತು. ಅಲ್ಲಿಂದ ಹಮಾಲರು ಮೂಟೆ ಇಳಿಸಿ, ಅಳತೆಯವರು ಅಳೆದು, ದೋಣಿಗೆ ಹಗ್ಗ ಕಟ್ಟಿ ಹೊಳೆಯುದ್ದಕ್ಕೂ ಎಳೆದು ರೋಮಿಗೆ ಮುಟ್ಟಿಸುತ್ತಿದ್ದರು.

ಗೋದಿಯ ಜೊತೆ ಎಣ್ಣೆ. ದಕ್ಷಿಣ ಸ್ಪೇನಿನಿಂದ ಮಣ್ಣಿನ ಕೊಡಗಳಲ್ಲಿ ಬರುತ್ತಿದ್ದ ಆಲಿವ್ ಎಣ್ಣೆ ಸುರಿದುಕೊಂಡ ಮೇಲೆ ಕೊಡಗಳನ್ನು ಒಡೆದು ಒಂದೇ ಕಡೆ ಒಟ್ಟುತ್ತಿದ್ದರು. ಆ ರಾಶಿ ಇಂದು ಮೊಂತೆ ತೆಸ್ತಾಚ್ಚೋ ಎಂಬ ಗುಡ್ಡ; ಸುಮಾರು 35 ಮೀಟರ್ ಎತ್ತರ, ಐದು ಕೋಟಿಗೂ ಹೆಚ್ಚು ಕೊಡಗಳ ಚೂರು ಎಂದು ಅಂದಾಜು. ಎಷ್ಟೋ ಚೂರುಗಳ ಮೇಲೆ ತೂಕ, ಸಾಗಿಸಿದವನ ಹೆಸರು, ವರ್ಷ ಇಂದಿಗೂ ಓದಲು ಸಿಗುತ್ತವೆ.

ನೀರಿನ ಕಥೆಯೂ ಇಷ್ಟೇ ದೊಡ್ಡದು. ಮೊದಲ ಮೇಲ್ಗಾಲುವೆ ಕ್ರಿ.ಪೂ. 312ರಲ್ಲಿ ಬಂತು, ಕ್ರಿ.ಪೂ. 144ರಲ್ಲಿ ಶುರುವಾದ ಮಾರ್ಸಿಯ ಎಂಬ ಮೇಲ್ಗಾಲುವೆಯ ಉದ್ದ 91 ಕಿಲೋಮೀಟರ್. ಕಮಾನುಗಳೇ ಕಣ್ಣಿಗೆ ಬೀಳುವುದಾದರೂ ಹೆಚ್ಚಿನ ಹಾದಿ ನೆಲದೊಳಗೇ ಸಾಗಿತ್ತು. ಪಂಪಿಲ್ಲ, ಯಂತ್ರವಿಲ್ಲ, ಬೆಟ್ಟದ ಊಟೆಯಿಂದ ಊರಿನ ತೊಟ್ಟಿಯವರೆಗೆ ಕೂದಲೆಳೆಯಷ್ಟು ಇಳಿಜಾರನ್ನು ಕಾಯ್ದುಕೊಂಡು ಬರಬೇಕು. ಕ್ರಿ.ಶ. 97ರಲ್ಲಿ ನೀರಿನ ಅಧಿಕಾರಿಯಾದ ಫ್ರಂಟಿನಸ್ ಬರೆದಿಟ್ಟ ಪುಸ್ತಕ ನನಗೆ ರೋಮಿನ ಯಾವ ಯುದ್ಧಕಥೆಗಿಂತಲೂ ಪ್ರಿಯ. ಯಾವ ಕಾಲುವೆಯಲ್ಲಿ ಎಷ್ಟು ನೀರು ಹೊರಟು ಎಷ್ಟು ತಲುಪುತ್ತದೆ ಎಂದು ಅವನೇ ಅಳೆದು ನೋಡಿದ. ಬೀದಿಗಳ ಕೆಳಗೆ ಕಳ್ಳ ಕೊಳವೆ ಹಾಕಿಕೊಂಡವರನ್ನು, ಲಂಚ ತಿಂದು ಅವರಿಗೆ ತೂತು ಕೊರೆದುಕೊಟ್ಟ ಕೆಲಸಗಾರರನ್ನು ಹಿಡಿದ. ಈಜಿಪ್ಟಿನ ಪಿರಮಿಡ್ಡುಗಳಿಗಿಂತ ತನ್ನ ಕಾಲುವೆಗಳು ಮೇಲು, ಏಕೆಂದರೆ ಇವು ಜನರಿಗೆ ಉಪಯೋಗ ಎಂಬ ಅವನ ಹೆಮ್ಮೆ ನ್ಯಾಯವಾದದ್ದು.

ಆದರೆ ಹೊಲದಲ್ಲಿ ನಿಂತವರ ಕಡೆಯಿಂದ ನೋಡಿದರೆ ಚಿತ್ರ ಬದಲಾಗುತ್ತದೆ. ಸಿಸಿಲಿಯಲ್ಲಿ ವೆರೆಸ್ ಎಂಬ ಅಧಿಕಾರಿ ಗೋದಿ ಕಂದಾಯದ ಹೆಸರಲ್ಲಿ ಎಷ್ಟು ಸುಲಿದನೆಂದರೆ, ಅವನು ಬಂದ ವರ್ಷ ಅಗೀರಿಯಮ್ ಸೀಮೆಯಲ್ಲಿದ್ದ 250 ರೈತರಲ್ಲಿ ಮೂರನೇ ವರ್ಷಕ್ಕೆ 80 ಮಂದಿ ಉಳಿದಿದ್ದರೆಂದು ಅವನ ವಿರುದ್ಧ ವಾದಿಸಿದ ವಕೀಲ ಸಿಸೆರೋ ಲೆಕ್ಕ ಕೊಟ್ಟ. ವೈದ್ಯ ಗೇಲನ್ ಬರಗಾಲವೊಂದನ್ನು ನೆನೆಯುತ್ತ, ಊರಿನವರು ಸುಗ್ಗಿಯಾದ ಕೂಡಲೇ ಗೋದಿಯನ್ನೆಲ್ಲ ಒಯ್ದದ್ದರಿಂದ ಹಳ್ಳಿಯವರು ವಸಂತ ಬರುವ ಹೊತ್ತಿಗೆ ಚಿಗುರು, ಗೆಡ್ಡೆ, ಬೇರು ತಿಂದು ಹುಣ್ಣು ಜ್ವರಗಳಿಗೆ ತುತ್ತಾದರೆಂದು ದಾಖಲಿಸಿದ್ದಾನೆ. ವೆಸೂವಿಯಸ್ ಬೂದಿಯಡಿ ಹೂತ ಹರ್ಕ್ಯುಲೇನಿಯಮ್ಮಿನಲ್ಲಿ ಸಿಕ್ಕ ಕರಕಲು ರೊಟ್ಟಿಯೊಂದರ ಮೇಲೆ ಒತ್ತಿದ ಮುದ್ರೆಯಲ್ಲಿ ಸೆಲರ್ ಎಂಬ ಗುಲಾಮನ ಹೆಸರು, ಅವನ ಒಡೆಯನ ಹೆಸರು ಎರಡೂ ಇವೆ. ರೋಮನ್ನರ ಸಂಸ್ಕೃತಿಯ ಬಗ್ಗೆ ಎಷ್ಟು ಬರೆದರೂ ಆ ಮುದ್ರೆಯನ್ನು ಬಿಟ್ಟು ಬರೆಯಲಾಗದು.

ಟ್ಯುನೀಸಿಯದಲ್ಲಿ 1879ರಲ್ಲಿ ಒಂದು ಶಾಸನ ಸಿಕ್ಕಿತು. ಚಕ್ರವರ್ತಿಯದೇ ಸ್ವಂತ ಜಮೀನಿನ ಒಕ್ಕಲುಗಳು ಸುಮಾರು 181ರಲ್ಲಿ ಕೊಮೋಡಸನಿಗೆ ಸಲ್ಲಿಸಿದ ಅಹವಾಲು ಅದು. ವರ್ಷಕ್ಕೆ ಆರೇ ದಿನ ಬಿಟ್ಟಿ ದುಡಿಮೆ ಎಂಬುದು ನಿಯಮ: ಉಳುಮೆಗೆ ಎರಡು, ಕಳೆಗೆ ಎರಡು, ಕೊಯ್ಲಿಗೆ ಎರಡು. ಗುತ್ತಿಗೆದಾರ ಮೇಲಧಿಕಾರಿಯನ್ನು ಕೈಗೆ ಹಾಕಿಕೊಂಡು ಅದಕ್ಕಿಂತ ಹೆಚ್ಚು ದುಡಿಸುತ್ತಿದ್ದಾನೆ. ದೂರು ಕೊಟ್ಟದ್ದಕ್ಕೆ ಸೈನಿಕರು ಬಂದು ನಮ್ಮನ್ನು ಕಟ್ಟಿಹಾಕಿ ಹೊಡೆದಿದ್ದಾರೆ. ನಾವು ಬಡ ರೈತರು, ಕೈದುಡಿಮೆಯಿಂದ ಬದುಕುವವರು ಎಂದು ಅವರು ಹೇಳಿಕೊಂಡಿದ್ದಾರೆ. ಚಕ್ರವರ್ತಿ ಅವರ ಪರ ತೀರ್ಪು ಕೊಟ್ಟ. ಅವರು ಆ ಉತ್ತರವನ್ನು ಕಲ್ಲಲ್ಲಿ ಕೆತ್ತಿಸಿ ನಿಲ್ಲಿಸಿದರು. ಕೊಮೋಡಸ್ ಕೆಟ್ಟ ಅರಸನೆಂದೇ ಪ್ರಸಿದ್ಧ. ಆದರೂ ದೂರದ ಒಕ್ಕಲಿಗನ ದೂರು ರೋಮಿಗೆ ತಲುಪಿ, ಉತ್ತರ ಹಿಂದಿರುಗುವಷ್ಟು ಆಡಳಿತ ಜೀವಂತವಾಗಿತ್ತು ಎಂಬುದು ಈ ಕಲ್ಲಿನಿಂದ ಗೊತ್ತಾಗುತ್ತದೆ.

ಆ ಜೀವಂತಿಕೆ ಮೂರನೇ ಶತಮಾನದಲ್ಲಿ ಕುಂದಿತು. 165ರ ಸುಮಾರಿಗೆ ಪೂರ್ವದಿಂದ ಸೈನಿಕರೊಡನೆ ಬಂದ ಸಾಂಕ್ರಾಮಿಕ, 249ರಿಂದ ಹಬ್ಬಿದ ಇನ್ನೊಂದು, ಗಡಿಗಳಲ್ಲಿ ಗೋಥರು ಮತ್ತು ಪರ್ಷಿಯನ್ನರು. 235ರಿಂದ 284ರ ನಡುವೆ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದುಹೋದರು, ಬಹುತೇಕರು ಕತ್ತಿಗೆ ಬಲಿಯಾಗಿ. ಬೆಳ್ಳಿ ನಾಣ್ಯದಲ್ಲಿ ನೂರಕ್ಕೆ ಐದು ಭಾಗದಷ್ಟೂ ಬೆಳ್ಳಿ ಉಳಿಯಲಿಲ್ಲ. ಔರೇಲಿಯನ್ ಈ ಹೊತ್ತಿನಲ್ಲೂ ಗೋದಿಯ ಬದಲು ಸುಟ್ಟ ರೊಟ್ಟಿಯನ್ನೇ ಕೊಡಿಸಿದ, ಜೊತೆಗೆ ಹಂದಿಮಾಂಸ, ಎಣ್ಣೆ. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು. ನಾಲ್ಕನೇ ಶತಮಾನದ ಕಾನೂನುಗಳಲ್ಲಿ ರೊಟ್ಟಿಯವನ ಮಗ ರೊಟ್ಟಿಯವನೇ ಆಗಬೇಕು, ಕಸುಬು ಬಿಡುವಂತಿಲ್ಲ. ಬೀಸುವ ಕೆಲಸಕ್ಕೆ ಆಳು ಸಿಗದೆ, ಗಿರಣಿಯ ಮುಂದೆ ಹೆಂಡದಂಗಡಿ ತೆರೆದು, ಬಂದ ಪರಸ್ಥಳದವರನ್ನು ಬೋನಿಗೆ ಕೆಡವಿ ಬೀಸುಕಲ್ಲಿಗೆ ಕಟ್ಟುತ್ತಿದ್ದರೆಂದೂ, ಥಿಯೋಡೋಸಿಯಸನ ಸೈನಿಕನೊಬ್ಬ ಚೂರಿ ತೋರಿಸಿ ತಪ್ಪಿಸಿಕೊಂಡ ಮೇಲೆ ಚಕ್ರವರ್ತಿ ಅದನ್ನು ಕೆಡವಿಸಿದನೆಂದೂ ಸಾಕ್ರಟೀಸ್ ಎಂಬ ಚರ್ಚ್ ಇತಿಹಾಸಕಾರ ಬರೆದಿದ್ದಾನೆ.

330ರಲ್ಲಿ ಕಾನ್‌ಸ್ಟಂಟೈನ್ ಬಾಸ್ಫರಸ್ ದಂಡೆಯಲ್ಲಿ ಹೊಸ ರಾಜಧಾನಿ ತೆರೆದ. ಎರಡು ವರ್ಷದಲ್ಲಿ ಅಲ್ಲಿಯೂ ರೊಟ್ಟಿ ಹಂಚಿಕೆ ಶುರುವಾಯಿತು, ಈಜಿಪ್ಟಿನ ಗೋದಿ ಅತ್ತ ತಿರುಗಿತು. ರೋಮಿಗೆ ಉಳಿದದ್ದು ಹೆಚ್ಚುಕಡಿಮೆ ಆಫ್ರಿಕ ಒಂದೇ. ನನ್ನ ಮಟ್ಟಿಗೆ ಪಶ್ಚಿಮದ ಅವನತಿಯ ಮೊದಲ ನಿಜವಾದ ತಿರುವು ಇದು. 397ರಲ್ಲಿ ಆಫ್ರಿಕದ ದಂಡನಾಯಕ ಗಿಲ್ಡೋ ಹಡಗುಗಳನ್ನು ತಡೆದಾಗಲೇ ರೋಮ್ ನಡುಗಿತು. 408ರಲ್ಲಿ ಗೋಥರ ಅಲಾರಿಕ್ ಊರಿಗೆ ಮುತ್ತಿಗೆ ಹಾಕಿ, ಟೈಬರ್ ದಾರಿಯನ್ನು ಕಟ್ಟಿ, ಹಸಿವನ್ನೇ ಆಯುಧ ಮಾಡಿಕೊಂಡ. ಬಿಡುಗಡೆಗೆ ಅವನು ಪಡೆದದ್ದು 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, ರೇಷ್ಮೆ ಅಂಗಿಗಳು, ಜೊತೆಗೆ 3,000 ಪೌಂಡ್ ಕಾಳುಮೆಣಸು. ಆ ಮೆಣಸು ನಮ್ಮ ಪಶ್ಚಿಮ ಕರಾವಳಿಯ ಬೆಳೆ. ಅದಕ್ಕಾಗಿ ರೋಮನ್ನರು ಶತಮಾನಗಳ ಕಾಲ ಸುರಿದ ಬೆಳ್ಳಿ ದಕ್ಷಿಣ ಭಾರತದ ತುಂಬ ಹರಡಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸರ ದಿನಾರಿ ನಾಣ್ಯಗಳು ಸಿಕ್ಕಿವೆ.

410ರ ಆಗಸ್ಟ್ 24ರಂದು ಅಲಾರಿಕ್ ಊರೊಳಗೆ ನುಗ್ಗಿ ಮೂರು ದಿನ ದೋಚಿದ. ಲೋಕ ತಲ್ಲಣಿಸಿತು. ಆದರೂ ಊರು ಸಾಯಲಿಲ್ಲ, ಏಕೆಂದರೆ ಆಫ್ರಿಕ ಇನ್ನೂ ಕೈಯಲ್ಲಿತ್ತು. ಅಲಾರಿಕನಿಗೂ ಇದು ಗೊತ್ತಿತ್ತು. ಲೂಟಿಯ ನಂತರ ಅವನು ಹೊರಟದ್ದು ಆಫ್ರಿಕ ದಾಟಲು. ಬಿರುಗಾಳಿ ಹಡಗುಗಳನ್ನು ಒಡೆಯಿತು, ಅವನು ದಾರಿಯಲ್ಲೇ ಸತ್ತ. ಅವನಿಗೆ ಸಾಧ್ಯವಾಗದ್ದನ್ನು ವ್ಯಾಂಡಲ್ ಬುಡಕಟ್ಟಿನ ದೊರೆ ಗೈಸೆರಿಕ್ ಸಾಧಿಸಿದ. 429ರಲ್ಲಿ ತನ್ನ ಜನವನ್ನೆಲ್ಲ ಕಟ್ಟಿಕೊಂಡು ಸ್ಪೇನಿನಿಂದ ಜಲಸಂಧಿ ದಾಟಿದ. 439ರ ಅಕ್ಟೋಬರ್ 19ರಂದು ಕಾರ್ತೇಜನ್ನು ಹಿಡಿದ.

ರೋಮಿನ ಅಂತ್ಯಕ್ಕೆ ಒಂದೇ ದಿನಾಂಕ ಹೇಳಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ. ವ್ಯಾಂಡಲರು ಹೊಲ ಸುಡಲಿಲ್ಲ. ಆಫ್ರಿಕದ ಸರಕು ಮುಂದೆಯೂ ಕಡಲು ದಾಟಿತು. ನಿಂತದ್ದು ಕಂದಾಯ. ಹಣ ಕೊಡದೆ ಬರುತ್ತಿದ್ದ ಗೋದಿಯನ್ನು ಇನ್ನು ಕೊಳ್ಳಬೇಕು, ಕೊಳ್ಳಲು ಬೊಕ್ಕಸದಲ್ಲಿ ಹಣವಿಲ್ಲ, ಏಕೆಂದರೆ ಅತಿ ಹೆಚ್ಚು ತೆರಿಗೆ ಕೊಡುತ್ತಿದ್ದ ಪ್ರಾಂತ್ಯವೂ ಅದೇ. ಸೈನಿಕರ ಸಂಬಳ ನಿಂತಿತು, ಸೈನ್ಯ ಕರಗಿತು. 468ರಲ್ಲಿ ಎರಡೂ ರಾಜಧಾನಿಗಳು ಸೇರಿ ಕಳಿಸಿದ ಮಹಾ ನೌಕಾಪಡೆಯ ನಡುವೆ ಗೈಸೆರಿಕ್ ಬೆಂಕಿ ಹಚ್ಚಿದ ದೋಣಿಗಳನ್ನು ಬಿಟ್ಟು ಸುಟ್ಟ. 476ರಲ್ಲಿ ಓಡೋಏಸರ್ ಎಂಬ ದಳಪತಿ ರೋಮುಲಸ್ ಎಂಬ ಹುಡುಗನನ್ನು ಸಿಂಹಾಸನದಿಂದ ಇಳಿಸಿದ್ದು ಶಾಲೆಯ ಪುಸ್ತಕಗಳಲ್ಲಿ ದೊಡ್ಡ ಘಟನೆ. ಅಂದು ಊರಲ್ಲಿ ದೊಡ್ಡ ಗದ್ದಲವೇನೂ ಆಗಲಿಲ್ಲ.

ನೀರು ನಿಂತದ್ದು 537ರಲ್ಲಿ. ಕಾನ್‌ಸ್ಟಾಂಟಿನೋಪಲ್ಲಿನ ಸೇನಾಪತಿ ಬೆಲಿಸೇರಿಯಸ್ ರೋಮನ್ನು ಹಿಡಿದಿದ್ದ. ಹೊರಗಿದ್ದ ಗೋಥರ ದೊರೆ ವಿಟಿಗೆಸ್ ಮೇಲ್ಗಾಲುವೆಗಳನ್ನೆಲ್ಲ ಕಡಿಸಿದ. ಬೆಲಿಸೇರಿಯಸ್ ಕಾಲುವೆಗಳ ಬಾಯಿಗೆ ತಾನೇ ಗಾರೆ ಹಾಕಿ ಮುಚ್ಚಿಸಿದ, ಏಕೆಂದರೆ ಹಿಂದಿನ ವರ್ಷ ಅವನ ಸೈನಿಕರು ನೇಪಲ್ಸಿಗೆ ನುಗ್ಗಿದ್ದು ಇಂಥದೇ ಕಾಲುವೆಯೊಳಗಿಂದ. ನೀರಿಲ್ಲದೆ ಬೆಟ್ಟದ ಮೇಲಿನ ಗಿರಣಿಗಳು ನಿಂತಾಗ, ಟೈಬರ್ ಹೊಳೆಯಲ್ಲಿ ದೋಣಿಗಳನ್ನು ಕಟ್ಟಿ, ನಡುವೆ ಚಕ್ರ ಹೂಡಿ, ಹೊಳೆಯ ಸೆಳೆತದಿಂದಲೇ ಗೋದಿ ಬೀಸಿಸಿದ. ಅಪಾಯದ ನಡುವೆ ಹುಟ್ಟಿದ ಈ ಉಪಾಯ ಯೂರೋಪಿನ ನದಿಗಳಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಬಾಳಿತು. ಒಂಬತ್ತು ವರ್ಷದ ನಂತರ ಗೋಥರ ಇನ್ನೊಬ್ಬ ದೊರೆ ತೋತಿಲಾ ಮುತ್ತಿಗೆ ಹಾಕಿದಾಗ ಊರು ಕಾಯಬೇಕಾದ ದಂಡನಾಯಕ ಬೆಸ್ಸಾಸ್ ಸೈನಿಕರ ಗೋದಿಯನ್ನು ಉಳ್ಳವರಿಗೆ ದುಬಾರಿಗೆ ಮಾರಿಕೊಂಡ; ಉಳಿದವರು ತುರಿಕೆ ಸೊಪ್ಪು ಬೇಯಿಸಿ ತಿಂದರು. 546ರ ಡಿಸೆಂಬರಿನಲ್ಲಿ ಬಾಗಿಲು ತೆರೆದಾಗ ಊರೊಳಗಿದ್ದ ಸಾಮಾನ್ಯ ಜನ 500 ಎಂದು ಇತಿಹಾಸಕಾರ ಪ್ರೊಕೋಪಿಯಸ್ ಬರೆಯುತ್ತಾನೆ. ಓಡಿಹೋದ ಕೆಲವರು ಮುಂದೆ ಹಿಂದಿರುಗಿರಬೇಕು. ಆದರೆ ಲಕ್ಷಗಳ ರೋಮ್ ಹಿಂದಿರುಗಲಿಲ್ಲ. ಆ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗರಿ ಉಳಿದ ಜನರಿಗೆ ಚರ್ಚಿನ ಸಿಸಿಲಿ ಜಮೀನುಗಳಿಂದ ಗೋದಿ ತರಿಸಿ ಹಂಚುತ್ತಿದ್ದ.

ಪೂರ್ವದ ರಾಜಧಾನಿಯಲ್ಲಿ ರೊಟ್ಟಿ ಹಂಚಿಕೆ ಇನ್ನಷ್ಟು ಕಾಲ ನಡೆಯಿತು. ಪರ್ಷಿಯನ್ನರ ಸೈನ್ಯ ಈಜಿಪ್ಟಿನ ಮೇಲೆ ಬಿದ್ದಾಗ ಗೋದಿ ಹಡಗುಗಳು ಬರುವುದು ನಿಂತಿತು. 618ರಲ್ಲಿ ಹೆರಾಕ್ಲಿಯಸ್ ಚಕ್ರವರ್ತಿ ಕಾನ್‌ಸ್ಟಾಂಟಿನೋಪಲ್ಲಿನ ಪುಕ್ಕಟೆ ರೊಟ್ಟಿಯನ್ನು ನಿಲ್ಲಿಸಿದ. ಗಾಯಸ್ ಗ್ರಾಕಸ್ ಕಾನೂನು ತಂದು ಆಗ 740 ವರ್ಷವಾಗಿತ್ತು.